ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಲೆಕ್ಕ) 38 ಇದೆ, ಇನ್ಶೂರೆನ್ಸ್‌ಗೆ 40 ಬೇಕಂತೆ. ತೂಕ ಇಳಿಸೋ ಆಪರೇಷನ್‌ಗೋಸ್ಕರ ತೂಕ ಏರಿಸಿಕೊಳ್ಳಲಾ?

ಬೇಡ ಸರ್, ದಯವಿಟ್ಟು ಬೇಡ. ನಾನೂ ಇದೇ 40ರ ಹಿಂದೆ ಬಿದ್ದು ತಿಂಗಳುಗಟ್ಟಲೆ ಅಲೆದವಳು.

ಆಗ ನನ್ನ ತೂಕ ಸರಿಯಾಗಿ 100 ಕೆಜಿ. ಎರಡು ಹೆರಿಗೆ, ಥೈರಾಯ್ಡ್, ಮೇಲೆ ಶುಗರ್. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತಿದ್ದಾಯಿತು, ಅನ್ನ ಬಿಟ್ಟು ನವಣೆ ತಿಂದದ್ದಾಯಿತು, ಯೂಟ್ಯೂಬ್ ನೋಡಿ ಕೀಟೋ ಮಾಡಿದ್ದೂ ಆಯಿತು. ಇಳಿದಷ್ಟೂ ವಾಪಸ್ ಬಂತು. ಕೊನೆಗೆ ಡಾಕ್ಟರೇ ಬೇರಿಯಾಟ್ರಿಕ್, ಅಂದರೆ ತೂಕ ಇಳಿಸಲು ಹೊಟ್ಟೆಗೆ ಮಾಡೋ ಆಪರೇಷನ್ ಮಾಡಿಸಿಕೊಳ್ಳಿ ಅಂದರು. ನಾಲ್ಕೂವರೆ ಲಕ್ಷ ಎಸ್ಟಿಮೇಟ್. ಇನ್ಶೂರೆನ್ಸ್ ಇಲ್ಲದೆ ನಮ್ಮ ಕೈಲಿ ಆಗೋ ಮಾತಲ್ಲ. "ನಿಮ್ಮದು 40ರ ಮೇಲೆ ಇರತ್ತೆ, ತೊಂದರೆ ಇಲ್ಲ" ಅಂತ ಅವರು ಧೈರ್ಯ ಹೇಳಿದರು.

ಒಪಿಡಿಯಲ್ಲಿ ನರ್ಸ್ "ಹೈಟ್ ಎಷ್ಟು ಮೇಡಂ?" ಅಂದಳು. ನಾನು ಯೋಚನೆ ಕೂಡ ಮಾಡದೆ "ಫೈವ್ ತ್ರೀ" ಅಂದೆ. ಇಲ್ಲೇ ನಾನು ಕೆಟ್ಟದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಈ ಐದು ಅಡಿ ಮೂರು ಇಂಚು ಎಲ್ಲಿಂದ ಬಂತು ಗೊತ್ತಾ? ನನ್ನ ಮದುವೆಯ ಬಯೋಡೇಟಾದಿಂದ. ಗಂಡಿನ ಕಡೆಯವರಿಗೆ ಹುಡುಗಿ ಕುಳ್ಳಿ ಅನಿಸಬಾರದು ಅಂತ ನಮ್ಮ ಸೋದರಮಾವ ಅವತ್ತು ಸೇರಿಸಿದ್ದು. ಅಲ್ಲಿಂದಾಚೆಗೆ ಯಾರು ಕೇಳಿದರೂ ನನ್ನ ಬಾಯಲ್ಲಿ ಅದೇ ಬರೋದು. ಪಾಲಿಸಿ ಮಾಡಿಸುವಾಗ ಏಜೆಂಟ್ ಫಾರ್ಮ್ ತುಂಬಿದ್ದೂ ನಾನು ಹೇಳಿದ ಲೆಕ್ಕದಲ್ಲೇ. ಈಗ ಆಸ್ಪತ್ರೆಯ ಚೀಟಿಯಲ್ಲೂ 160 ಸೆಂಟಿಮೀಟರ್ ಅಂತ ಬಿತ್ತು. ಬಿಎಂಐಗೆ ತೂಕ 100ನ್ನು ಎತ್ತರದ 1.6 ಮೀಟರಿನಿಂದ ಎರಡು ಸಲ ಭಾಗಿಸಿ ನೋಡಿ, 39.06 ಬರುತ್ತೆ. 40 ಇಲ್ಲ, ಆಗಲ್ಲ ಅಂತ ಕಂಪನಿಯವರು ಕ್ಯಾಶ್‌ಲೆಸ್ ತಿರಸ್ಕರಿಸಿದರು.

ಮನೆಗೆ ಬಂದ ಮೇಲೆ ಮಗ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದ. 158! ಅದರ ಲೆಕ್ಕದಲ್ಲಿ ಬಿಎಂಐ 40.06. ಬರೀ ಎರಡು ಸೆಂಟಿಮೀಟರ್ ಸುಳ್ಳು. ಆಸ್ಪತ್ರೆಗೆ ಓಡಿದೆ. ನರ್ಸ್ ಚಪ್ಪಲಿ ಬಿಡಿಸಿ, ಜಡೆಯ ಕ್ಲಿಪ್ ತೆಗೆಸಿ, ಹಿಮ್ಮಡಿ ಒತ್ತಿ ನಿಲ್ಲಿಸಿ ಅಳತೆ ಪಟ್ಟಿ ತಲೆಗೆ ತಾಗಿಸಿದಳು. ಅದೂ 158 ಅಂತಲೇ ಹೇಳಿತು. ಡಾಕ್ಟರ್ ತಿದ್ದಿ ಸೀಲ್ ಹಾಕಿಕೊಟ್ಟರು. ಮುಗೀತು ಅಂದುಕೊಂಡೆ. ಎಲ್ಲಿ ಮುಗಿಯುತ್ತೆ? "ಪ್ರಪೋಸಲ್ ಫಾರ್ಮ್‌ನಲ್ಲಿ 160, ಮೊದಲ ಚೀಟಿಯಲ್ಲಿ 160, ರಿಜೆಕ್ಟ್ ಆದ ಮೇಲೆ 158 ಹೇಗಾಯ್ತು? ಸ್ಪಷ್ಟನೆ ಕೊಡಿ" ಅಂತ ಕ್ವೆರಿ ಬಂತು. ಅವರ ಜಾಗದಲ್ಲಿ ನಾನಿದ್ದರೂ ಅನುಮಾನ ಪಡುತ್ತಿದ್ದೆ, ಬಿಡಿ. ಆಮೇಲೆ ನನ್ನ ಫೈಲಿನ ಯಾವ ಕಾಗದವನ್ನೂ ಅವರು ನಂಬಲಿಲ್ಲ. ಸ್ಪಷ್ಟನೆ, ಮತ್ತೆ ಕ್ವೆರಿ, ಮತ್ತೆ ಸ್ಪಷ್ಟನೆ. ಅಷ್ಟರಲ್ಲಿ ನನ್ನ ಶುಗರ್ ಮಾತ್ರೆಯಿಂದ ಇನ್ಸುಲಿನ್‌ಗೆ ಹೋಗಿತ್ತು.

ದಾರಿ ತೋರಿಸಿದ್ದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನ ಹುಡುಗಿ. "ಮೇಡಂ, 40 ಬಿಟ್ಟುಬಿಡಿ. 35 ದಾಟಿದ್ದರೆ ಇನ್ನೊಂದು ದಾರಿ ಇದೆ ಅಲ್ವಾ?" ಅಂದಳು. ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮದಲ್ಲಿ ಅದು ಸ್ಪಷ್ಟವಾಗಿದೆ. ವಯಸ್ಸು 18 ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು. ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಜೊತೆಗೆ ಹತೋಟಿಗೆ ಬಾರದ ಟೈಪ್ 2 ಶುಗರ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲೋದು), ಹೃದಯದ ರಕ್ತನಾಳದ ಕಾಯಿಲೆ, ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ತೊಂದರೆ, ಇವುಗಳಲ್ಲಿ ಯಾವುದಾದರೂ ಒಂದಿರಬೇಕು. ಡಯಟ್, ವ್ಯಾಯಾಮದಂಥ ದಾರಿಗಳಿಂದ ಆಗಲಿಲ್ಲ ಅನ್ನುವುದಕ್ಕೂ ಆಧಾರ ಬೇಕು.

ಈಗ ನಿಮ್ಮ ವಿಷಯ. ಶುಗರ್‌ಗೆ ಎರಡು ಮಾತ್ರೆ ತಗೋತೀರಿ, ಗೊರಕೆ ತಾಳದೆ ಹೆಂಡತಿ ಪಕ್ಕದ ರೂಮಿಗೆ ಹೋಗ್ತಾರೆ ಅಂತ ನೀವೇ ಬರೆದಿದ್ದೀರಿ. ಕೇಳಿದ್ದು ಮಾತ್ರ ತೂಕದ ಬಗ್ಗೆ! ನಿಮಗೆ ಬೇಕಿರೋದು ಬಿರಿಯಾನಿ ಅಲ್ಲ, ಸ್ಲೀಪ್ ಸ್ಟಡಿ. ತಲೆಗೆ, ಎದೆಗೆ ವೈರ್ ಅಂಟಿಸಿ, ಬೆರಳಿಗೆ ಕ್ಲಿಪ್ ಹಾಕಿ ಮಲಗಿಸುತ್ತಾರೆ. ಮೂಗಿನ ಹತ್ತಿರ ಒಂದು ಸಣ್ಣ ಟ್ಯೂಬ್. ಇದರಲ್ಲಿ ನಿದ್ದೆ ಎಲ್ಲಿ ಬರುತ್ತೆ ಅಂದುಕೊಂಡಿದ್ದೆ, ಕುಂಭಕರ್ಣನ ಹಾಗೆ ಗೊರಕೆ ಹೊಡೆದಿದ್ದೆ. ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ, ಕುಗ್ಗುತ್ತೆ ಅಂತ ಎಣಿಸುತ್ತಾರೆ. 30 ಮುಟ್ಟಿದರೆ ತೀವ್ರ ಅಂತ ಲೆಕ್ಕ. ನನ್ನದು 41. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಇನ್ಸುಲಿನ್ ಮೇಲೂ 9 ದಾಟಿತ್ತು. ಇವೆರಡನ್ನೂ ಇಟ್ಟು ಹೊಸದಾಗಿ ಅರ್ಜಿ ಹಾಕಿದೆವು, ಒಪ್ಪಿಗೆ ಸಿಕ್ಕಿತು. ಆಗ ಯಾರೂ ನನ್ನ ಎತ್ತರ ಕೇಳಲಿಲ್ಲ. 158 ಇರಲಿ 160 ಇರಲಿ, ಎರಡರಲ್ಲೂ 35 ದಾಟುತ್ತೆ.

ಕೆರೆ ಸುತ್ತಿದ್ದು ಮಾತ್ರ ಲೆಕ್ಕಕ್ಕೆ ಬರಲಿಲ್ಲ, ಕಾಗದ ಇರಲಿಲ್ಲವಲ್ಲ. ನೀವು ಇವತ್ತೇ ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಹೋಗಿ. ಪ್ರತಿ ಭೇಟಿಯ ತೂಕ, ತಾರೀಖು, ಸಹಿ ಇರೋ ಕಾರ್ಡ್ ಮಾಡಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಡಯಟ್ ಚಾರ್ಟ್ ನಂಬಿಕೊಂಡು ಕೂರಬೇಡಿ.

ಬೇಕು ಅಂತಲೇ ತೂಕ ಏರಿಸಿದರೆ ಆ ಕಾರ್ಡೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತೆ. ಅದೂ ಅಲ್ಲದೆ, ಆಪರೇಷನ್‌ಗೆ ಮುಂಚೆ ಸರ್ಜನ್ ಹೇಗೂ ಕಟ್ಟುನಿಟ್ಟಿನ ಡಯಟ್ ಹಾಕುತ್ತಾರೆ. ಕೊಬ್ಬು ತುಂಬಿ ಊದಿದ ಲಿವರ್ ಹೊಟ್ಟೆಗೆ ಅಡ್ಡ ಬರುತ್ತೆ, ಅದು ಕುಗ್ಗಲಿ ಅಂತ. ನೀವು ತಿಂದು ಅದನ್ನು ಇನ್ನಷ್ಟು ಊದಿಸಿಕೊಂಡು ಹೋಗ್ತೀರಾ?

ಪಾಲಿಸಿ ಮಾಡಿಸಿ ಎಷ್ಟು ವರ್ಷ ಆಯ್ತು ಅಂತ ನೀವು ಹೇಳಿಲ್ಲ. ಶುಗರ್ ಮೊದಲೇ ಇತ್ತಾ, ಫಾರ್ಮ್‌ನಲ್ಲಿ ಬರೆಸಿದ್ದೀರಾ, ನೋಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರ ನಿಯಮದಂತೆ ಮೂರು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಅದು ಮುಗಿದಿದ್ದು, ಎಲ್ಲ ಕಾಗದ ಕೊಟ್ಟ ಮೇಲೂ ಕಂಪನಿ ಇಲ್ಲ ಅಂದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ, ಆಮೇಲೆ ವಿಮೆಯ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.