ಚಿಕ್ಕ ಬೆಡ್‌ರೂಮಿಗೆ ವ್ಯಾಕ್ಯೂಮ್ ಬ್ಯಾಗ್ (ಬಟ್ಟೆ ತುಂಬಿ, ಗಾಳಿ ಹೀರಿ ತೆಗೆದು ಮುಚ್ಚಿಡುವ ಪ್ಲಾಸ್ಟಿಕ್ ಚೀಲ) ತಗೊಂಡರೆ ನಿಜವಾಗಿ ಜಾಗ ಉಳಿಯುತ್ತಾ? ರೇಷ್ಮೆ ಸೀರೆಯನ್ನೂ ಅದರಲ್ಲಿ ಇಡಬಹುದಾ?

ರಜಾಯಿ, ಸ್ವೆಟರ್, ದಪ್ಪ ಜಾಕೆಟ್‌ಗಳಿಗಾದರೆ ಖಂಡಿತ ಉಳಿಯುತ್ತದೆ. ಅಂಗಿ, ಜೀನ್ಸ್, ಕಾಟನ್ ಸೀರೆಗೆ ಅಷ್ಟೇನೂ ಇಲ್ಲ. ರೇಷ್ಮೆ ಸೀರೆಯನ್ನು ಮಾತ್ರ ದಯವಿಟ್ಟು ಅದರೊಳಗೆ ಹಾಕಬೇಡಿ.

ಬ್ಯಾಗು ತೆಗೆಯುವುದು ಒಳಗಿನ ಗಾಳಿಯನ್ನು ಅಷ್ಟೇ. ರಜಾಯಿ ಉಬ್ಬಿಕೊಂಡಿರುವುದು ನಾರುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. (ಚಳಿಯಲ್ಲಿ ಬೆಚ್ಚಗಿಡುವುದೂ ಅದೇ ಗಾಳಿ.) ಅದನ್ನು ಹೀರಿದಾಗ ಹೊರಗಿನ ಗಾಳಿಯ ಒತ್ತಡ ಎಲ್ಲಾ ಕಡೆಯಿಂದ ಅಮುಕಿ, ಇಡೀ ಗಂಟು ಹಲಗೆಯಂತೆ ಚಪ್ಪಟೆಯಾಗುತ್ತದೆ. ಮಂಚದ ಕೆಳಗೆ ಸಲೀಸಾಗಿ ಜಾರಿಸಬಹುದು. ಮಡಿಸಿದ ಜೀನ್ಸ್‌ನಲ್ಲಿ ಅಷ್ಟು ಗಾಳಿಯೇ ಇರುವುದಿಲ್ಲ ಅಲ್ವಾ, ಅದಕ್ಕೆ ಬ್ಯಾಗ್ ತಂದರೆ ಸುಮ್ನೆ ದುಡ್ಡು ದಂಡ.

ಅದೇ ಒತ್ತಡ ಜರಿಗೆ ಆಗಿಬರುವುದಿಲ್ಲ. ಜರಿ ಎಂದರೆ ದಾರದ ಮೇಲೆ ಸುತ್ತಿದ ತೆಳ್ಳನೆಯ ಲೋಹದ ಎಳೆ. ತಿಂಗಳುಗಟ್ಟಲೆ ಒಂದೇ ಮಡಿಕೆಯಲ್ಲಿ ಬಿಗಿಯಾಗಿ ಅಮುಕಿಟ್ಟರೆ ಗೆರೆ ಬಿದ್ದಲ್ಲೇ ಮುರಿಯಬಹುದು. ಅಮ್ಮನ ಧಾರೆ ಸೀರೆಯಂಥದ್ದನ್ನು ಹಳೇ ಕಾಟನ್ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಡಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಮನೆ ಎಷ್ಟೇ ಚಿಕ್ಕದಿರಲಿ, ಅಷ್ಟು ಜಾಗ ಅದಕ್ಕೆ ಕೊಡಲೇಬೇಕು.

ಇನ್ನೊಂದು ವಿಷಯ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಬಟ್ಟೆ ಮುಟ್ಟಿದರೆ ಒಣಗಿದಂತೆ ಅನಿಸಿದರೂ ಒಳಗೆ ತೇವ ಉಳಿದಿರುತ್ತದೆ. ಹಾಗೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಳ್ಳೆ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಪ್ಯಾಕ್ ಮಾಡಿ.