ಹಳೆಯ ಫೋಟೋ ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಹಳೆಯ ಫೋಟೋ, ಹಳೆಯ ಸಾಮಾನು ಕಂಡರೆ ಗಂಟೆಗಟ್ಟಲೆ ನೋಡುತ್ತಾ ಕೂತುಬಿಡುತ್ತೀರಿ. ಅದರಲ್ಲಿ ಅಂಥದ್ದೇನಿದೆ, ಇದು ಬರೀ ಹೊತ್ತು ಕಳೆಯುವ ಚಟವೇ ಅಂತ ಕೇಳಿದ್ದೀರಿ. ನನಗೂ ಈ ಚಟ ಇದೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಹೊಂದಿಸಿಕೊಂಡು ಓದಿ.

"ಆ ಕಾಲವೇ ಚೆನ್ನಾಗಿತ್ತು" ಅನ್ನುವ ಹಳಹಳಿಕೆಯೇ ಇದಕ್ಕೆ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಹುಟ್ಟುವುದಕ್ಕೆ ನೂರು ವರ್ಷ ಮೊದಲಿನ ಕಾಲದ ಬಗ್ಗೆ ನನಗೇನು ಹಳಹಳಿಕೆ ಇರಲು ಸಾಧ್ಯ? ನನ್ನನ್ನು ಹಿಡಿದು ಕೂರಿಸುವುದು ಬೇರೆ. ಫೋಟೋ ತೆಗೆದವನಿಗೆ ಮುಖ್ಯ ಅನಿಸದೇ ಇದ್ದದ್ದು ಅದರೊಳಗೆ ಬಂದು ಕೂತಿರುತ್ತದೆ. ಇಂದು ನೋಡುವ ನಮಗೆ ಅದೇ ಮುಖ್ಯವಾಗುತ್ತದೆ.

ಜೇಬಿನಲ್ಲಿ 50 ರೂಪಾಯಿಯ ಹೊಸ ನೋಟು ಇದ್ದರೆ ತೆಗೆದು ಹಿಂಬದಿ ನೋಡಿ. ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಮೇಲ್ಭಾಗ ಚಪ್ಪಟೆ. ಹಂಪಿಗೆ ಹೋದವರೆಲ್ಲ ನೋಡಿರುವುದೂ ಅದನ್ನೇ. ಈಗ 1856ರ ಒಂದು ಫೋಟೋ ನೋಡಬೇಕು. ಅಲೆಕ್ಸಾಂಡರ್ ಗ್ರೀನ್‌ಲಾ ಅಂತ ಮದ್ರಾಸ್ ಸೈನ್ಯದ ಒಬ್ಬ ಅಧಿಕಾರಿ ತೆಗೆದದ್ದು. ರಥ ಅದೇ, ಆದರೆ ಅದರ ತಲೆಯ ಮೇಲೆ ಇಟ್ಟಿಗೆಯ ಒಂದು ಶಿಖರ ಇದೆ! ನಾನು ಮೊದಲ ಸಲ ನೋಡಿದಾಗ ಇದು ಬೇರೆ ಯಾವುದೋ ಗುಡಿ ಇರಬೇಕು ಅಂದುಕೊಂಡೆ. ಆಮೇಲೆ ಚಕ್ರಗಳನ್ನು ನೋಡಿ ನಂಬಬೇಕಾಯಿತು. ಶಿಥಿಲವಾಗಿದ್ದ ಆ ಶಿಖರವನ್ನು ನಂತರದ ವರ್ಷಗಳಲ್ಲಿ ತೆಗೆದುಹಾಕಿದರು. ಅಸಲಿಗೆ ಅದು ರಥದ ಆಕಾರದಲ್ಲಿ ಕಟ್ಟಿದ ಗರುಡನ ಗುಡಿ, ಶಿಖರ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನಮ್ಮ ಕಣ್ಣಿಗೆ ಚಪ್ಪಟೆ ರಥವೇ ಅಸಲಿ ಅನಿಸಿಬಿಟ್ಟಿದೆ. ನೋಟಿನ ಮೇಲೆ ಅಚ್ಚಾಗಿರುವುದೂ ಅದೇ.

ಗ್ರೀನ್‌ಲಾಗೆ ಆ ಶಿಖರ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಅವನು ಎದುರಿಗೆ ಇದ್ದದ್ದನ್ನು ತೆಗೆದ, ಅಷ್ಟೇ. ಆದರೆ ಈಗ ಹಂಪಿಯ ಬಗ್ಗೆ ಕೆಲಸ ಮಾಡುವವರಿಗೆ ಅದು ದೊಡ್ಡ ಸಾಕ್ಷಿ.

ಅವನು ಪಟ್ಟ ಪಾಡೂ ಸಾಮಾನ್ಯದ್ದಲ್ಲ. ಆಗ ಚಿಕ್ಕ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಹಾಕುವ ಅನುಕೂಲ ಇರಲಿಲ್ಲ. ಫೋಟೋ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ಅವನ ನೆಗೆಟಿವ್‌ಗಳು ಒಂದು ಬದಿ ಸುಮಾರು 16 ಇಂಚು, ಇನ್ನೊಂದು ಬದಿ 18 ಇಂಚಿನವು. ಹಾಗಾದರೆ ಕ್ಯಾಮೆರಾ ಒಂದು ಟ್ರಂಕಿನಷ್ಟು ದೊಡ್ಡದಿರಬೇಕು, ಅಲ್ವಾ? ಅದನ್ನು ಹಂಪಿಯ ಬಂಡೆಗಳ ನಡುವೆ ಹೊರಿಸಿಕೊಂಡು ಓಡಾಡಿದ್ದಾನೆ. ಹೊತ್ತವರ ಹೆಸರು ಎಲ್ಲೂ ಇಲ್ಲ, ಅದು ಬೇರೆ ಮಾತು.

ಅವನ ನೆಗೆಟಿವ್ ಅಂದರೆ ಫಿಲ್ಮ್ ಅಲ್ಲ, ಗಾಜೂ ಅಲ್ಲ, ಮೇಣ ಕುಡಿಸಿದ ಕಾಗದ. ಗಾಜಿಗೆ ಒದ್ದೆ ರಾಸಾಯನಿಕ ಬಳಿದು ತೆಗೆಯುವ ವಿಧಾನ ಆಗಲೇ ಬಂದಿತ್ತು. ಆದರೆ ಅದು ಒಣಗುವ ಮೊದಲೇ ಫೋಟೋ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆದು ಮುಗಿಸಬೇಕು. ಬಳ್ಳಾರಿ ಕಡೆಯ ಬಿಸಿಲಲ್ಲಿ ಅದು ಎಷ್ಟು ಹೊತ್ತು ಒದ್ದೆಯಾಗಿ ಇದ್ದೀತು? ಮೇಣದ ಕಾಗದವನ್ನಾದರೆ ಮೊದಲೇ ತಯಾರು ಮಾಡಿ ಒಣಗಿಸಿ ಒಯ್ಯಬಹುದು. ಒಂದೇ ತೊಂದರೆ, ನಿಧಾನ. ಲೆನ್ಸಿನ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ನಡೆದು ಹೋದವರು ಫೋಟೋದಲ್ಲಿ ಬೀಳುವುದೇ ಇಲ್ಲ. ಆ ಕಾಲದ ಊರು, ಗುಡಿ, ರಸ್ತೆ ಎಲ್ಲ ಬಿಕೋ ಅನ್ನುವಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಜನ ಇದ್ದರು, ಕ್ಯಾಮೆರಾಕ್ಕೆ ಸಿಗಲಿಲ್ಲ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅನ್ನುವ ಫೋಟೋಗ್ರಾಫರ್ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೆಲವು ಕಡೆ ಒಂದು ಬಂಡೆಯೂ ಅಲುಗಿಲ್ಲ, ಕೆಲವು ಕಡೆ ಕಟ್ಟಡದ ಭಾಗಗಳೇ ಇಲ್ಲ. ನನ್ನ ಪ್ರಕಾರ ಹಳೆಯ ಫೋಟೋ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನು ಕೆಲವು ಸಲ ಫೋಟೋ ಬಿಟ್ಟು ನೋಡಲು ಬೇರೇನೂ ಉಳಿದಿರುವುದಿಲ್ಲ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಈಗ ದಸರಾದಲ್ಲಿ ದೀಪ ಹಚ್ಚುವ ಅರಮನೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ್ದು, ಮುಗಿದದ್ದು 1912ರಲ್ಲಿ. ಹಳೆಯದರ ಫೋಟೋಗಳಲ್ಲಿ ಮುಂಭಾಗದ ಕೆತ್ತನೆಯ ಮರದ ಕಂಬಗಳನ್ನು ನೋಡಬೇಕು. ಬಣ್ಣ ಮಾತ್ರ ನಾವೇ ಊಹಿಸಿಕೊಳ್ಳಬೇಕು.

ಬಣ್ಣ ಅಂದಾಗ ನೆನಪಾಯಿತು. ನಿಮ್ಮ ಮನೆಯಲ್ಲಿ ತುಂಬಾ ಹಳೆಯ ಮದುವೆ ಫೋಟೋ ಇದ್ದರೆ ಹೆಣ್ಣಿನ ಹಣೆಯ ಕುಂಕುಮ ನೋಡಿ. ಇದ್ದಿಲಿನ ಹಾಗೆ ಕಪ್ಪಗಿರುತ್ತದೆ. ಆ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದ ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ನೀಲಿ ಜಾಸ್ತಿ ಕಾಣುತ್ತಿತ್ತು. ಆದ್ದರಿಂದ ಕೆಂಪು ಸೀರೆ ಕಪ್ಪಾಗುತ್ತದೆ, ನೀಲಿ ಸೀರೆ ಬೆಳ್ಳಗಾಗುತ್ತದೆ, ಆಕಾಶದಲ್ಲಿ ಮೋಡವೇ ಇರುವುದಿಲ್ಲ. "ಅಜ್ಜಿ ಮದುವೆಗೆ ಕಪ್ಪು ಸೀರೆ ಉಟ್ಟಿದ್ದರಾ?" ಅಂತ ಮಕ್ಕಳು ಕೇಳಿದರೆ ಉತ್ತರ ಇದು. ಕೆಂಪೂ ಸೇರಿ ಎಲ್ಲ ಬಣ್ಣದ ಬೆಳಕನ್ನೂ ಹಿಡಿಯುವ ಕಪ್ಪು-ಬಿಳುಪು ಫಿಲ್ಮ್ ಬಳಕೆಗೆ ಬಂದ ಮೇಲೆ ಈ ಗೊಂದಲ ಹೋಯಿತು. ಹಾಗಾಗಿ ಕುಂಕುಮ ನೋಡಿ ಫೋಟೋ ಯಾವ ಕಾಲದ್ದು ಅಂತ ಒಂದು ಅಂದಾಜು ಮಾಡಬಹುದು. ಹಿಂದಿನ ಪರದೆಯಲ್ಲಿ ಬಿಡಿಸಿದ ಮೆಟ್ಟಿಲು, ಹೂಕುಂಡ, ತೋಟ ಎಲ್ಲ ಸ್ಟುಡಿಯೋದ್ದು. ಎಷ್ಟೋ ಸಲ ತಾತ ಹಾಕಿಕೊಂಡಿರುವ ಕೋಟೂ ಸ್ಟುಡಿಯೋದ್ದೇ. ತೋಳು ಉದ್ದವಾಗಿ ಬೆರಳು ಮುಚ್ಚಿದ್ದರೆ ಅನುಮಾನವೇ ಬೇಡ.

ನಮ್ಮ ಮನೆಯ ಒಂದು ಗುಂಪು ಫೋಟೋದಲ್ಲಿ ಅಂಚಿನ ಹುಡುಗನ ಮುಖ ಪೂರ್ತಿ ಕಲಸಿಹೋಗಿದೆ, ತಲೆ ಅಲ್ಲಾಡಿಸಿಬಿಟ್ಟಿದ್ದಾನೆ. ಅದು ಯಾರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೋದರತ್ತೆ ಮಾತ್ರ ಮುಖ ನೋಡಲೇ ಇಲ್ಲ, ಕಾಲು ನೋಡಿದರು. "ಬೂಟು ಹಾಕಿದ್ದಾನಲ್ಲ, ಹಾಗಾದರೆ ನಮ್ಮ ದೊಡ್ಡಣ್ಣನೇ. ಬೇರೆ ಯಾರಿಗೂ ಬೂಟು ಇರಲಿಲ್ಲ" ಅಂದರು. ಅಲ್ಲಿಂದ ಆ ಬೂಟು ಯಾರು ತಂದರು, ಯಾಕೆ ಅವನಿಗೊಬ್ಬನಿಗೇ ತಂದರು ಅಂತ ಶುರುವಾದ ಮಾತು ಊಟದ ಹೊತ್ತಿನವರೆಗೂ ನಡೆಯಿತು. ಸ್ವಲ್ಪ ಜಗಳವೂ ಆಯಿತು.

ಹಳೆಯ ಸಾಮಾನಿನಲ್ಲೂ ನನಗೆ ಹಿಡಿಸುವುದು ಇಂಥ ವಿವರಗಳೇ. ಸೇರು, ಅಚ್ಚೇರು, ಪಾವು ಅಳತೆಗಳು ಸಿಕ್ಕರೆ ಹೊಳಪು ಕೊಡುವ ಮೊದಲು ಅಂಚಿನಲ್ಲಿ ಒತ್ತಿದ ಮುದ್ರೆ ಇದೆಯಾ ನೋಡುತ್ತೇನೆ. ಅಳತೆ ಸರಿಯಿದೆ ಅಂತ ಸರ್ಕಾರದವರು ಹಾಕಿದ ಗುರುತು ಅದು. ಕಾಸಿನ ಡಬ್ಬಿಯಲ್ಲಿ "ನಯಾ ಪೈಸೆ" ಅಂತ ಬರೆದ ನಾಣ್ಯ ಸಿಕ್ಕರೆ ಅದು 1957ಕ್ಕಿಂತ ಹಿಂದಿನದಲ್ಲ. ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಬಂತು. ಈ ಸಾಮಾನುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಅನ್ನಿಸಿ ಷೋಕೇಸಿನಲ್ಲಿ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುದ್ರೆಯೂ ಸವೆದು ಹೋಗುತ್ತದೆ.

ವಾಟ್ಸಾಪಿನಲ್ಲಿ ಬರುವ "ಅಪರೂಪದ ಚಿತ್ರ, 150 ವರ್ಷ ಹಿಂದಿನ ಬೆಂಗಳೂರು" ಅನ್ನುವ ಫಾರ್ವರ್ಡ್‌ಗಳನ್ನು ಮಾತ್ರ ಸುಮ್ನೆ ನಂಬಬೇಡಿ. ಚಿತ್ರದಲ್ಲಿ ಕರೆಂಟಿನ ಬೀದಿದೀಪದ ಕಂಬ ಕಂಡರೆ ಅದು 1905ಕ್ಕಿಂತ ಹಿಂದಿನದಲ್ಲ, ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದೇ ಆ ವರ್ಷ. ಲಾಲ್‌ಬಾಗಿನ ಗಾಜಿನ ಮನೆ ಕಂಡರೆ 1889ಕ್ಕಿಂತ ಹಿಂದಿನದಲ್ಲ. ಈಗಂತೂ ಕಂಪ್ಯೂಟರ್ ಹುಟ್ಟಿಸಿದ "ಹಳೆಯ" ಫೋಟೋಗಳೂ ಬರುತ್ತಿವೆ. ಅಂಗಡಿ ಬೋರ್ಡಿನ ಅಕ್ಷರ ಓದಲು ಪ್ರಯತ್ನಿಸಿ, ಹೆಚ್ಚಿನವು ಅಲ್ಲೇ ಸಿಕ್ಕಿಬೀಳುತ್ತವೆ.

ಚಟ ಹೌದೋ ಅಲ್ಲವೋ, ನಿಮಗೆ ಹತ್ತಿಯಾಗಿದೆ. ಹಾಗಾದರೆ ಒಂದು ಕೆಲಸ ಮಾಡಿ. ಮನೆಯ ಫೋಟೋಗಳನ್ನು ಗೋಡೆಯಿಂದ ಇಳಿಸಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಓರೆ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿ ಇರುವುದನ್ನು ನಿಧಾನವಾಗಿ ಬಿಡಿಸಿ ಕಾಗದದ ಕವರಿನಲ್ಲಿ ಇಡಿ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲೇ ಸರಿ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ಇದೆಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನ ರೆಕಾರ್ಡರ್ ಆನ್ ಮಾಡಿ, "ಇದು ಯಾರು?" ಅಂತ ಒಬ್ಬೊಬ್ಬರನ್ನೇ ಬೆರಳಿಟ್ಟು ಕೇಳಿ. ಸ್ಕ್ಯಾನ್ ಮಾಡುವುದು ಮುಂದಿನ ತಿಂಗಳಾದರೂ ನಡೆಯುತ್ತದೆ.