ಮೊಬೈಲಿಗೆ ಬಗ್ಗುವ ಪ್ರಿಂಟರ್ ಲಿನಕ್ಸಿಗೇಕೆ ಮುನಿಯುತ್ತದೆ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಕಚೇರಿ ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸ್ ಇದೆ. ಹೊಸದಾಗಿ ತಂದ ವೈಫೈ ಪ್ರಿಂಟರಿಗೆ ಮೊಬೈಲಿನಿಂದ ಕೊಟ್ಟರೆ ಸಲೀಸಾಗಿ ಪ್ರಿಂಟ್ ಬರುತ್ತದೆ. ಕಂಪ್ಯೂಟರಿನಲ್ಲಿ ಮಾತ್ರ ಅದರ ಹೆಸರು ಒಮ್ಮೆ ಕಾಣುತ್ತದೆ, ಇನ್ನೊಮ್ಮೆ ಮಾಯ. ಕಂಡ ದಿನವೂ ಅಂಕಪಟ್ಟಿಯ ಬುಡ, ಮುಖ್ಯಶಿಕ್ಷಕರ ಸಹಿಯ ಜಾಗದ ಸಮೇತ, ಕತ್ತರಿಸಿಹೋಗುತ್ತದೆ. ಅಂಗಡಿಯವರು ‘ಲಿನಕ್ಸಿಗೆ ಡ್ರೈವರ್ ಇಲ್ಲ’ ಎಂದು ಕೈಚೆಲ್ಲಿದರು.
– ದ್ವಿತೀಯ ದರ್ಜೆ ಸಹಾಯಕಿ, ಸಾಗರ

ಉತ್ತರ: ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಇಲ್ಲದಿದ್ದರೆ ಬೇಡ ಬಿಡಿ ಮೇಡಂ, ಮೊಬೈಲಿಗೆ ಮಾತ್ರ ಯಾರು ಸಿ.ಡಿ. ಹಾಕಿ ಕೊಟ್ಟಿದ್ದಾರೆ? 2010ರಲ್ಲಿ ಆಪಲ್ ಕಂಪನಿ ಐಫೋನಿಗಾಗಿ ಡ್ರೈವರ್ ಬೇಡದ ಏರ್‌ಪ್ರಿಂಟ್ ತಂದಿತು. 2013ರಲ್ಲಿ ಐಪಿಪಿ (ಕಂಪ್ಯೂಟರ್, ಪ್ರಿಂಟರ್ ಮಾತಾಡಿಕೊಳ್ಳುವ ಭಾಷೆ) ಆಧರಿಸಿದ ಐಪಿಪಿ ಎವೆರಿವೇರ್ ಎಂಬ ಮುಕ್ತ ಮಾನದಂಡ ಬಂತು. ಲಿನಕ್ಸ್ ಬಳಗ ವರ್ಷಗಟ್ಟಲೆ ಅಂಗಲಾಚಿದರೂ ಕಿವಿಗೊಡದ ಎಷ್ಟೋ ಕಂಪನಿಗಳು ಫೋನ್ ಗಿರಾಕಿಗಳಿಗಾಗಿ ತಾವಾಗಿಯೇ ದಾರಿಗೆ ಬಂದವು. ಲಾಭ ನಮಗೂ ಸಿಕ್ಕಿತು.

ಉಬುಂಟುವಿನಲ್ಲಿ ಮುದ್ರಣ ನೋಡಿಕೊಳ್ಳುವುದು ಕಪ್ಸ್ ಎಂಬ ಮುಕ್ತ ತಂತ್ರಾಂಶ. ಯಾವ ಅಳತೆಯ ಕಾಗದ, ಎಷ್ಟು ಡಿಪಿಐ (ಅಚ್ಚಿನ ಸೂಕ್ಷ್ಮತೆ), ಎರಡೂ ಮಗ್ಗುಲು ಆಗುತ್ತದಾ, ಪಿಡಿಎಫ್ ತಿಳಿಯುತ್ತದಾ ಎಂದೆಲ್ಲ ಅದು ಪ್ರಿಂಟರನ್ನೇ ಕೇಳುತ್ತದೆ. ಪ್ರಿಂಟರ್ ತನ್ನ ಜಾತಕ ತಾನೇ ಒಪ್ಪಿಸುತ್ತದೆ. ನಿಮ್ಮಲ್ಲಿ ಆ ಮಾತುಕತೆ ಎರಡು ಕಡೆ ಕೆಟ್ಟಿದೆ.

ಮೊದಲು ಮಾಯವಾಗುವ ಸಂಗತಿ. ಫೋನ್ ಶಾಲೆಯ ವೈಫೈ ಮೂಲಕವೇ ಪ್ರಿಂಟ್ ಕೊಡುತ್ತಿದೆಯೋ, ಪ್ರಿಂಟರಿನ ಸ್ವಂತ ವೈಫೈ ಡೈರೆಕ್ಟಿಗೆ ಅಂಟಿಕೊಂಡಿದೆಯೋ ನೋಡಿ. ವೈಫೈ ಡೈರೆಕ್ಟ್ ಆಗಿದ್ದರೆ ಪ್ರಿಂಟರ್ ಶಾಲೆಯ ನೆಟ್‌ವರ್ಕಿನಲ್ಲಿ ಇಲ್ಲದಿರಲೂಬಹುದು. ಬಳಿಕ ಟರ್ಮಿನಲ್ (ಆದೇಶ ಟೈಪಿಸುವ ಕಿಟಕಿ) ತೆರೆದು ‘ಐಪಿಪಿಫೈಂಡ್’ ಎಂಬ ಆದೇಶ ಕೊಡಿ (ಇಂಗ್ಲಿಷಿನಲ್ಲಿ, ಸಣ್ಣಕ್ಷರ, ನಡುವೆ ಜಾಗ ಬಿಡದೆ). ಐಪಿಪಿ ಎಂದು ಶುರುವಾಗುವ ವಿಳಾಸ ಬರಬೇಕು. ಬರಲಿಲ್ಲವೆಂದರೆ ಕಪ್ಸನ್ನು ಬೈದು ಪ್ರಯೋಜನವಿಲ್ಲ. ಪ್ರಿಂಟರಿನ ‘ನಾನಿಲ್ಲಿದ್ದೇನೆ’ ಎಂಬ ಕೂಗು ಸಾಮಾನ್ಯವಾಗಿ ಒಂದು ರೌಟರ್ ದಾಟಿ ಇನ್ನೊಂದರ ನೆಟ್‌ವರ್ಕಿಗೆ ಹೋಗದು. ಕಚೇರಿ ಕಂಪ್ಯೂಟರ್ ಬೇರೆ ರೌಟರಿನ ಕೇಬಲ್ಲಿಗೆ ಸಿಕ್ಕಿಸಿದ್ದರೆ ಎರಡನ್ನೂ ಒಂದಕ್ಕೇ ತನ್ನಿ. ಫೈರ್‌ವಾಲ್ ಇದ್ದರೆ ಯುಡಿಪಿ 5353 ಪೋರ್ಟ್ ತೆರೆದಿರಲಿ. ಆ ಕೂಗನ್ನು ಕೇಳಿಸಿಕೊಳ್ಳುವ ಅವಾಹಿ ಎಂಬ ಸೇವೆಯೂ ಚಾಲೂ ಇರಬೇಕು.

ವಿಳಾಸ ಬಂದರೂ ಹೆಸರು ಹೋಗಿಬಂದು ಮಾಡಿದರೆ, ಅದು ಉಬುಂಟು ತಾನಾಗಿ ಹುಟ್ಟಿಸುವ ತಾತ್ಕಾಲಿಕ ಮುದ್ರಣ ಸಾಲು (ಪ್ರಿಂಟರಿನ ಹೆಸರಲ್ಲಿ ಇಟ್ಟುಕೊಳ್ಳುವ ನಮೂದು). ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 631 (ಕಪ್ಸಿನದೇ ಪುಟ, localhost:631) ತೆರೆದು ‘ಆ್ಯಡ್ ಪ್ರಿಂಟರ್’ ಮೂಲಕ ಶಾಶ್ವತವಾಗಿ ಸೇರಿಸಿ. ಮಾದರಿ ಕೇಳಿದಾಗ ಐಪಿಪಿ ಎವೆರಿವೇರ್ ಆರಿಸಿ. ಬೇಕಾದ ಗುಣಗಳನ್ನೋ ಕಡತ ಬಗೆಗಳನ್ನೋ ಪ್ರಿಂಟರ್ ಬೆಂಬಲಿಸುವುದಿಲ್ಲ ಎಂಬ ತಕರಾರು ಬಂದರೆ ಅದು ಕೊಟ್ಟ ಉತ್ತರ ಅರೆಬರೆ ಎಂದರ್ಥ. ಪ್ರಿಂಟರಿನ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಅದೇ ಮಾದರಿ ಪಟ್ಟಿಯಲ್ಲಿ ‘ಡ್ರೈವರ್‌ಲೆಸ್, ಕಪ್ಸ್-ಫಿಲ್ಟರ್ಸ್’ ಎಂಬ ನಮೂದಿದೆಯೇ ಹುಡುಕಿ. ಎವೆರಿವೇರ್ ಒಪ್ಪದ ಕೆಲವು ಪ್ರಿಂಟರುಗಳನ್ನು ಅದು ಸಂಭಾಳಿಸುತ್ತದೆ.

ಅಂಕಪಟ್ಟಿಯ ಬುಡ ಹೋಗುವುದಕ್ಕೆ ನನ್ನ ಗುಮಾನಿ ಕಾಗದದ ಮೇಲೆ. ಪ್ರಿಂಟರ್ ತನ್ನ ಕಾಗದ ಅಮೆರಿಕದ ಲೆಟರ್ ಅಳತೆಯದು ಎಂದು ಹೇಳುತ್ತಿರಬೇಕು. ಲೆಟರ್ 279 ಮಿ.ಮೀ. ಉದ್ದ, ನಮ್ಮ ಎ4 297. ಪ್ರಿಂಟರಿನ ಪುಟ್ಟ ಪರದೆಯಲ್ಲೇ ಎ4 ಮಾಡಿ. ಆಮೇಲೆ ಕಪ್ಸಿನಲ್ಲಿ ಪ್ರಿಂಟರನ್ನು ಅಳಿಸಿ ಹೊಸದಾಗಿ ಸೇರಿಸಿ. ಶಾಶ್ವತ ಸಾಲಿಗೆ ಕಪ್ಸ್ ವಿವರ ಬರೆದುಕೊಳ್ಳುವುದು ಸೇರಿಸುವಾಗ ಮಾತ್ರ, ಬಳಿಕ ನೀವು ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಫರ್ಮ್‌ವೇರ್ ಬದಲಾದಾಗಲೂ ಹೀಗೇ ಮಾಡಿ. ಎಲ್ಲೆಲ್ಲಿಂದಲೋ ಇಳಿಸಿದ ‘ಡ್ರೈವರ್ ಸ್ಕ್ರಿಪ್ಟ್’ಗಳನ್ನು ಮಾತ್ರ ಪಾಸ್‌ವರ್ಡ್ ಕೊಟ್ಟು ಓಡಿಸಬೇಡಿ.

ಪ್ರಶ್ನೆ: ನನ್ನ ಡಿ.ಟಿ.ಪಿ. ಅಂಗಡಿಯ ಹಳೆಯ ಯುಎಸ್‌ಬಿ ಲೇಸರ್ ಪ್ರಿಂಟರಿಗೂ ಇದು ನಡೆಯುತ್ತದೆಯೇ?
– ಓದುಗ, ಹಾವೇರಿ

ಉತ್ತರ: ಐಪಿಪಿ ಬಾರದ ಹಳೆಯದಾದರೆ ಇಲ್ಲ. ಈಚಿನ ಕೆಲವು ಪ್ರಿಂಟರುಗಳು ಯುಎಸ್‌ಬಿ ತಂತಿಯ ಮೇಲೂ ಐಪಿಪಿ ಆಡುತ್ತವೆ. ಅವಕ್ಕೆ ‘ಐಪಿಪಿ-ಯುಎಸ್‌ಬಿ’ ಪ್ಯಾಕೇಜ್ ಸಾಕು. ನಿಮ್ಮದಕ್ಕೆ ಈಗಿರುವ ಡ್ರೈವರನ್ನೇ ಉಳಿಸಿಕೊಳ್ಳಿ. ಕಪ್ಸಿನ 3ನೇ ಆವೃತ್ತಿಯಲ್ಲಿ ಹಳೆ ಮಾದರಿಯ ಡ್ರೈವರುಗಳಿಗೆ ಜಾಗವಿಲ್ಲ. ಹಳೆಯ ಯಂತ್ರದ ಪರವಾಗಿ ಐಪಿಪಿಯಲ್ಲಿ ಉತ್ತರ ಕೊಡುವ ‘ಪ್ರಿಂಟರ್ ಅಪ್ಲಿಕೇಶನ್’ ಆಗ ಬೇಕಾಗುತ್ತದೆ. ನಿಮ್ಮ ಮಾದರಿಗೆ ಅದು ಇದೆಯೇ ಎಂದು ನೋಡಿಕೊಂಡೇ ಆವೃತ್ತಿ ಏರಿಸಿ.